ಹನ್ನೊಂದರಲ್ಲಿ ನಿಂತ ರೀಲು

ಫೆಬ್ರವರಿ 11

ಮಾನ್ಯರೇ,

ನೀವು ತೊಳೆಯಲು ಕಳಿಸಿದ ರೀಲಿನ ಕೊನೆಯ ಚಿತ್ರ ಹಳೆಯದಲ್ಲ. ಅದನ್ನು ತೆಗೆದು ಹೆಚ್ಚೆಂದರೆ ಒಂದೆರಡು ವರ್ಷ ಆಗಿರಬಹುದು.

ಇದನ್ನು ಮೊದಲು ಕಂಡವಳು ನನ್ನ ಹೆಂಡತಿ. ಒಣಗಲು ತೂಗುಹಾಕಿದ್ದ ರೀಲುಗಳ ಕೆಳಗೆ ನೆಲ ಒರೆಸುತ್ತಿದ್ದವಳು ತಲೆಯೆತ್ತಿ, "ಇದ್ರ ಬಾಲ ಮಾತ್ರ ಯಾಕ್ರೀ ಇಷ್ಟು ಕಪ್ಪು?" ಎಂದಳು. ದೀಪದ ಪೆಟ್ಟಿಗೆಯ ಮೇಲಿಟ್ಟು ನೋಡಿದೆ. ಅವಳು ಹೇಳಿದ್ದು ಸರಿ. ಫೋಟೋ ತೆಗೆದ ರೀಲನ್ನು ತೊಳೆಯದೆ ವರ್ಷಗಟ್ಟಲೆ ಇಟ್ಟರೆ ಚಿತ್ರ ಒಳಗೊಳಗೇ ಸವೆಯುತ್ತದೆ. ನಿಮ್ಮ ರೀಲಿನ ಮೊದಲ ಚಿತ್ರಗಳೆಲ್ಲ ಹಾಗೆ ಸವೆದಿವೆ, ಮಂಜಿನ ಆಚೆ ಇರುವ ಹಾಗೆ ಕಾಣುತ್ತವೆ. ಹನ್ನೊಂದನೆಯದು ಮಾತ್ರ ಗಟ್ಟಿಯಾಗಿ ಬಂದಿದೆ.

ಉಳಿದ ವಿವರ: ಈ ರೀಲನ್ನು ತಯಾರಿಸುತ್ತಿದ್ದ ಕಂಪನಿ ಮುಚ್ಚಿ ಬಹಳ ಕಾಲವಾಯಿತು. ಇದರ ಬಣ್ಣ ಎಬ್ಬಿಸುವ ರಾಸಾಯನಿಕ ಈಗ ಎಲ್ಲೂ ಸಿಗುವುದಿಲ್ಲ. ಹಾಗಾಗಿ ಕಪ್ಪು-ಬಿಳುಪಿನಲ್ಲಿ ತೊಳೆದಿದ್ದೇನೆ. ಹನ್ನೆರಡನೆಯ ಭಾಗ ಖಾಲಿ ಇತ್ತು. ಎಷ್ಟು ಹೊತ್ತು ತೊಳೆಯಬೇಕೆಂದು ಪರೀಕ್ಷಿಸಲು ಅದನ್ನು ಕತ್ತರಿಸಿಕೊಂಡೆ. ಪ್ರಿಂಟುಗಳು ಮುಂದಿನ ಅಂಚೆಯಲ್ಲಿ ಬರುತ್ತವೆ.

ಕೊನೆಯ ಚಿತ್ರದಲ್ಲಿ ವಯಸ್ಸಾದ ಹೆಂಗಸೊಬ್ಬರು ಬೆನ್ನು ಹಾಕಿ ಹೊಲಿಗೆ ಯಂತ್ರದ ಮುಂದೆ ಕೂತಿದ್ದಾರೆ. ನಿಮ್ಮ ಅತ್ತೆಯವರು ಇರಬಹುದು. ಹಳೆಯ ಕ್ಯಾಮರಾ ಕೈಗೆ ಸಿಕ್ಕರೆ ಒಮ್ಮೆ ಒತ್ತಿ ನೋಡುವ ಆಸೆ ಎಲ್ಲರಿಗೂ ಆಗುತ್ತದೆ. ದಯವಿಟ್ಟು ಇನ್ನು ಮುಂದೆ ಹಾಗೆ ಮಾಡಬೇಡಿ. ಹಳೆಯ ರೀಲು ಅಲುಗಾಡಿಸಿದರೆ ಹರಿಯುತ್ತದೆ.

ಇಂತಿ,
ಲ್ಯಾಬಿನವನು


ಫೆಬ್ರವರಿ 17

ಲ್ಯಾಬಿನವರಿಗೆ ನಮಸ್ಕಾರ.

ನಾನು ಆ ಕ್ಯಾಮರಾದಲ್ಲಿ ಫೋಟೋ ತೆಗೆದಿಲ್ಲ. ಯಾರಿಂದಲೂ ತೆಗೆಸಿಲ್ಲ. ಅಪ್ಪ ತೀರಿಕೊಂಡು ಹದಿನಾಲ್ಕು ವರ್ಷವಾಯಿತು. ಅಂದಿನಿಂದ ಅದು ಶೆಲ್ಫಿನ ಮೇಲೆ ಇದ್ದಲ್ಲೇ ಇತ್ತು. ಧೂಳು ಒರೆಸುವಾಗಲೂ ಅದರ ಸುತ್ತ ಒರೆಸುತ್ತಿದ್ದೆ. ಮೊದಲ ಬಾರಿ ಕೈಗೆತ್ತಿಕೊಂಡದ್ದು ಕಳೆದ ತಿಂಗಳು, ನೀವು ಕಳಿಸಿದ್ದ ಸೂಚನೆಯಂತೆ ದಪ್ಪ ಕಂಬಳಿಯೊಳಗೆ ಕೈ ತೂರಿಸಿ ರೀಲು ಬಿಚ್ಚಲು. ಕ್ಯಾಮರಾದ ಹಿಂಬದಿಯಲ್ಲಿ ರೀಲಿನ ಅಂಕಿ ಕಾಣುವ ಪುಟ್ಟ ಕೆಂಪು ಕಿಟಕಿಯಲ್ಲಿ ಆಗಲೇ ಹನ್ನೊಂದು ಇತ್ತು.

ನನಗೆ ಅತ್ತೆ ಇಲ್ಲ. ಮದುವೆಯಾಗಿಲ್ಲ. ಈ ಮನೆಯಲ್ಲಿ ಹೊಲಿಗೆ ಯಂತ್ರದ ಮುಂದೆ ಕೂರುವವಳು ನಾನೊಬ್ಬಳೇ. ಶಾಲೆಗಳ ಸಮವಸ್ತ್ರ ಹೊಲಿಯುವುದು ನನ್ನ ಕಸುಬು. ನೀವು ಎರಡು ಬಾರಿ ಫೋನ್ ಮಾಡಿದ್ದಿರಿ ಎಂದು ಪಕ್ಕದ ಅಂಗಡಿಯವರು ಹೇಳಿದರು. ನನಗೆ ಕಿವಿ ಮಂದ. ಕಿವಿಯಂತ್ರ ಹಾಕಿಕೊಂಡು ಫೋನ್ ಹಿಡಿದರೆ ಶಿಳ್ಳೆ ಹೊಡೆಯುತ್ತದೆ. ಏನಿದ್ದರೂ ಬರೆಯಿರಿ.

ರೀಲು ಕಳಿಸಿದ ಕಾರಣ ಇಷ್ಟೇ. ಮನೆ ಮಾರುತ್ತಿದ್ದೇವೆ. ಕೊಳ್ಳುವವರು ಕೆಡವಿ ಗೋದಾಮು ಕಟ್ಟುತ್ತಾರಂತೆ. ಮನೆ ಅಮ್ಮನ ಹೆಸರಿನಲ್ಲಿದೆ, ಅಮ್ಮ ಇಲ್ಲ. ಹಾಗಾಗಿ ನಾನೂ ತಮ್ಮನೂ ನೋಟರಿಯ ಮುಂದೆ ಒಂದು ಪ್ರಮಾಣಪತ್ರಕ್ಕೆ ಸಹಿ ಹಾಕಬೇಕು. ಏಪ್ರಿಲ್ ಕೊನೆಗೆ ದಿನ ಗೊತ್ತಾಗಿದೆ. ಅಷ್ಟರೊಳಗೆ ಅಪ್ಪ ತೆಗೆದ ಫೋಟೋಗಳು ಕೈಗೆ ಬಂದರೆ ಸಾಕು. ಪ್ರತಿ ವರ್ಷ ಶಾಲೆ ತೆರೆದ ದಿನ ನಮ್ಮಿಬ್ಬರನ್ನು ಬಾಗಿಲ ಮುಂದೆ ನಿಲ್ಲಿಸಿ ಅಪ್ಪ ಒಂದೇ ಒಂದು ಫೋಟೋ ತೆಗೆಯುತ್ತಿದ್ದರು.

ಬೇರೆ ಯಾರದೋ ರೀಲಿನ ತುದಿ ನಮ್ಮದಕ್ಕೆ ಅಂಟಿಕೊಂಡಿರಬಹುದೇ? ನೋಡಿ ತಿಳಿಸಿ.

ಹೊಲಿಗೆಯವಳು


ಫೆಬ್ರವರಿ 23

ಮೇಡಂ,

ಒಂದರ ತುದಿ ಇನ್ನೊಂದಕ್ಕೆ ಅಂಟಿಕೊಳ್ಳುವ ಪ್ರಶ್ನೆಯೇ ಇಲ್ಲ. ಮೊದಲಿನಿಂದ ಕೊನೆಯವರೆಗೆ ಒಂದೇ ಹಾಳೆ. "ವಯಸ್ಸಾದ ಹೆಂಗಸು" ಎಂದಿದ್ದಕ್ಕೆ ಕ್ಷಮೆ ಇರಲಿ. ನನ್ನ ಹೆಂಡತಿ ನಿಮ್ಮ ಪತ್ರ ಓದಿ ನನಗೆ ಸರಿಯಾಗಿ ಮಂಗಳಾರತಿ ಎತ್ತಿದಳು. "ಬೆನ್ನು ನೋಡಿ ವಯಸ್ಸು ಹೇಳೋ ಪಂಡಿತ್ರು ಬಂದ್ರು" ಅಂತ ಇಡೀ ದಿನ ಆಡಿಕೊಂಡಳು.

ಪ್ರಿಂಟುಗಳು ಇದರ ಜೊತೆ ಇವೆ. ಹಿಂಬದಿಯಲ್ಲಿ ಪೆನ್ಸಿಲಿನಿಂದ ಸಂಖ್ಯೆ ಹಾಕಿದ್ದೇನೆ. ಒಂದು, ಐದು, ಎಂಟು, ಈ ಮೂರರಲ್ಲಿ ಒಂದು ಚಿತ್ರದ ಮೇಲೆ ಇನ್ನೊಂದು ಬಿದ್ದಿದೆ. ಮಕ್ಕಳ ಮೈಯ ಮೂಲಕ ಅಡುಗೆಮನೆಯ ಗೋಡೆ ಕಾಣುವುದನ್ನು ನೋಡಿ ಗಾಬರಿಯಾಗಬೇಡಿ. ರೀಲು ತಿರುಗಿಸದೆ ಎರಡು ಬಾರಿ ಒತ್ತಿದರೆ ಹಾಗಾಗುತ್ತದೆ. ನಾಲ್ಕು, ಏಳು, ಹತ್ತು ಖಾಲಿ.

ಹನ್ನೊಂದನೆಯದರ ಬಗ್ಗೆ ಒಂದು ಮಾತು. ಇದು ಡಬ್ಬಿ ಕ್ಯಾಮರಾ. ಹೊರಗೆ ಬಿಸಿಲಿದ್ದರೆ ಗುಂಡಿ ಒತ್ತಿದರಾಯಿತು. ಮನೆಯೊಳಗಾದರೆ ಆ ಗುಂಡಿಯನ್ನು ಹತ್ತು ಸೆಕೆಂಡಿನಷ್ಟು ಹೊತ್ತು ಹಿಡಿದೇ ಇರಬೇಕು, ಕ್ಯಾಮರಾ ಮಿಸುಕಬಾರದು. ನಿಮ್ಮ ಬಲಗೈ ಮಸುಕಾಗಿದೆ, ಅದು ಬಟ್ಟೆ ತಳ್ಳುತ್ತಿತ್ತು. ಬೆನ್ನು, ಕುರ್ಚಿ, ಗೋಡೆ ಎಲ್ಲ ಸ್ಪಷ್ಟ. ಅಂದರೆ ಕ್ಯಾಮರಾ ಗಟ್ಟಿಯಾದ ಯಾವುದರ ಮೇಲೋ ಕೂತಿತ್ತು. ತೆಗೆದವರಿಗೆ ಕೆಲಸ ಗೊತ್ತು.

ನಿಮ್ಮ ತಮ್ಮನವರನ್ನು ಕೇಳಿ ನೋಡಿ. ಮನೆಯವರ ತಮಾಷೆ ಕೆಲವೊಮ್ಮೆ ಹೀಗೇ ಇರುತ್ತದೆ.

ಲ್ಯಾಬಿನವನು


ಮಾರ್ಚ್ 1

ಸಾರ್,

ಅದು ನಾನೇ.

ನನ್ನ ಬೆನ್ನನ್ನು ನಾನು ಎಂದೂ ನೋಡಿರಲಿಲ್ಲ. ಎಡ ಭುಜ ಇಷ್ಟು ಇಳಿದಿದೆ ಎಂದು ಗೊತ್ತಿರಲಿಲ್ಲ. ಗುರುತು ಹಿಡಿದದ್ದು ಯಂತ್ರದ ಮೇಲಿದ್ದ ಬಟ್ಟೆಯಿಂದ. ಸಣ್ಣ ಚೌಕಳಿ, ಅಂಚಿಗೆ ದಪ್ಪ ಪಟ್ಟಿ. ಆ ಶಾಲೆಯವರು ಹಳೆಯ ನೀಲಿ ಬಿಟ್ಟು ಈ ಚೌಕಳಿಗೆ ಬಂದದ್ದು ಕಳೆದ ವರ್ಷ. ಅದರ ಮೊದಲು ಈ ಬಟ್ಟೆ ನನ್ನ ಮನೆಗೆ ಬಂದೇ ಇಲ್ಲ. ಹಾಗಾಗಿ ಫೋಟೋ ಒಂದು ವರ್ಷದ ಒಳಗಿನದು.

ತಮ್ಮನನ್ನು ಕೇಳಿದೆ. ಅವನು ಬಸ್ ಡಿಪೋದಲ್ಲಿ ಮೆಕ್ಯಾನಿಕ್. ಭಾನುವಾರ ಬಂದಿದ್ದ.

"ಅಕ್ಕಾ, ನಿನ್ನ ಬೆನ್ನಿನ ಫೋಟೋ ತೆಗೆಯೋಕೆ ನಂಗೇನು ಬೇರೆ ಕೆಲ್ಸ ಇಲ್ವಾ? ತೆಗೆಯೋದಾದ್ರೆ ಫೋನಲ್ಲಿ ತೆಗೀತಿದ್ದೆ. ಆ ಡಬ್ಬೀನ ಎಲ್ಲಿ ಒತ್ತಬೇಕು ಅಂತಾನೂ ನಂಗೆ ಗೊತ್ತಿಲ್ಲ."

"ನಿನ್ನ ಹೆಂಡ್ತಿ?"

"ಅವ್ಳು ನಿನ್ನ ಮನೆಗೆ ಬಂದ್ರೆ ಮೊದ್ಲು ಬೀದಿಗೆಲ್ಲ ಗೊತ್ತಾಗತ್ತೆ. ಕದ್ದು ಬರೋ ಪೈಕಿ ಅಲ್ಲ ಬಿಡು."

ಅದು ನಿಜ.

ಅವನು ಹೋದ ಮೇಲೆ ಕ್ಯಾಮರಾವನ್ನು ಶೆಲ್ಫಿನ ಮೇಲೆ ಅದರ ಜಾಗದಲ್ಲೇ ಇಟ್ಟೆ. ಹಿಂದೆ ನಿಂತು, ಅದರ ತಲೆಯ ಮೇಲಿನ ಗಾಜಿನಲ್ಲಿ ನೋಡಿದೆ. ಕುರ್ಚಿ, ಯಂತ್ರ, ಕಿಟಕಿಯ ಮೂಲೆ, ಎಲ್ಲವೂ ಫೋಟೋದಲ್ಲಿದ್ದ ಹಾಗೇ ಕಂಡವು. ಅಂದರೆ ಕ್ಯಾಮರಾವನ್ನು ಎತ್ತಿಯೂ ಇಲ್ಲ. ಇದ್ದಲ್ಲೇ ಒತ್ತಿದ್ದಾರೆ. ಶೆಲ್ಫಿಗೂ ನನ್ನ ಕುರ್ಚಿಗೂ ನಡುವೆ ಒಬ್ಬರು ನಿಲ್ಲುವಷ್ಟು ಜಾಗವಿದೆ, ಹೆಚ್ಚಿಲ್ಲ.

ಯಂತ್ರದ ಸದ್ದು ತಲೆಗೆ ಹೊಡೆಯುತ್ತದೆಂದು ಹೊಲಿಯುವಾಗ ಕಿವಿಯಂತ್ರ ತೆಗೆದಿಡುತ್ತೇನೆ. ಮನೆಯಿಂದ ಏನೂ ಕಳುವಾಗಿಲ್ಲ.

ಇನ್ನೊಂದು ಪ್ರಶ್ನೆ. ಒಂದರ ಮೇಲೆ ಇನ್ನೊಂದು ಬಿದ್ದ ಫೋಟೋಗಳು ಹೇಗೆ ಬಂದವು? ಅಪ್ಪ ಅಂಥ ತಪ್ಪು ಮಾಡುವವರಲ್ಲ. ಒತ್ತಿದ ಕೂಡಲೇ ಮುಂದಿನ ಅಂಕಿ ಬರುವವರೆಗೆ ತಿರುಗಿಸಿ, ಕಿಟಕಿ ನೋಡಿ, ಆಮೇಲೆ ಕ್ಯಾಮರಾ ಕೆಳಗಿಡುತ್ತಿದ್ದರು.

ಹೊಲಿಗೆಯವಳು


ಮಾರ್ಚ್ 8

ಮೇಡಂ,

ಒತ್ತಿದ ಕೂಡಲೇ ತಿರುಗಿಸುವವರು ನಿಮ್ಮ ತಂದೆ ಎಂದು ಬರೆದು ದೊಡ್ಡ ಉಪಕಾರ ಮಾಡಿದಿರಿ. ನಿಮ್ಮ ರೀಲಿನ ಕಥೆ ಈಗ ಪೂರ್ತಿ ಬಿಡಿಸಿಕೊಂಡಿತು. ಈ ಕಸುಬಿನಲ್ಲಿ ಇಷ್ಟು ಚೊಕ್ಕವಾಗಿ ಯಾವ ರೀಲೂ ನನ್ನ ಜೊತೆ ಮಾತಾಡಿರಲಿಲ್ಲ.

ಡಬ್ಬಿ ಕ್ಯಾಮರಾ ಬಳಸುವವರಲ್ಲಿ ಎರಡು ಜಾತಿ. ಒತ್ತಿದ ಮೇಲೆ ತಿರುಗಿಸುವವರು ಒಂದು, ಒತ್ತುವ ಮೊದಲು ತಿರುಗಿಸುವವರು ಇನ್ನೊಂದು. ಒಬ್ಬರೇ ಬಳಸಿದರೆ ಯಾವ ಜಾತಿಯಾದರೂ ತೊಂದರೆ ಇಲ್ಲ. ಇಬ್ಬರೂ ಒಂದೇ ಕ್ಯಾಮರಾ ಮುಟ್ಟಿದರೆ ಎಡವಟ್ಟು. ನಿಮ್ಮ ತಂದೆ ಮೂರನೆಯದನ್ನು ಒತ್ತಿ ನಾಲ್ಕಕ್ಕೆ ತಿರುಗಿಸಿಟ್ಟರು. ಆಮೇಲೆ ಬಂದ ಇನ್ನೊಬ್ಬರು ಒತ್ತುವ ಮೊದಲು ಮತ್ತೆ ತಿರುಗಿಸಿದರು. ನಾಲ್ಕು ಖಾಲಿ ಉಳಿಯಿತು. ಐದರಲ್ಲಿ ಅಡುಗೆಮನೆಯ ಚಿತ್ರ ತೆಗೆದು ಹಾಗೇ ಬಿಟ್ಟರು. ಮರುವರ್ಷ ನಿಮ್ಮ ತಂದೆ, ತಾವು ತಿರುಗಿಸಿಯೇ ಇಟ್ಟಿದ್ದೇವೆಂದುಕೊಂಡು ಅದರ ಮೇಲೆಯೇ ಒತ್ತಿದರು. ಏಳು ಮತ್ತು ಎಂಟರಲ್ಲೂ ಇದೇ. ಹತ್ತು ಖಾಲಿ, ಹನ್ನೊಂದರಲ್ಲಿ ನೀವು.

ಹಾಗಾದರೆ ಮೊದಲನೆಯದನ್ನು ಬಿಟ್ಟರೆ ಮಕ್ಕಳು ನಿಂತ ಫೋಟೋಗಳೆಲ್ಲ ನಿಮ್ಮ ತಂದೆಯವು. ಅಡುಗೆಮನೆ, ಗೋಡೆಗೆ ತೂಗುಹಾಕಿದ ಫ್ರಾಕು, ನಿಮ್ಮ ಬೆನ್ನು, ಈ ಮೂರೂ ಎರಡನೆಯ ಕೈಯವು. ಆ ಕೈಯ ಅಭ್ಯಾಸ ಒಂದೇ. ಮೂರರಲ್ಲೂ ಕ್ಯಾಮರಾ ಯಾವುದರ ಮೇಲೋ ಕೂತಿದೆ. ಮೂರೂ ಮನೆಯೊಳಗಿನವು.

ನಿಮ್ಮ ಮನೆಯಲ್ಲಿ ಒತ್ತುವ ಮೊದಲು ತಿರುಗಿಸುತ್ತಿದ್ದವರು ಯಾರು? ಅವರನ್ನು ಕೇಳಿದರೆ ಎಲ್ಲಾ ಬಗೆಹರಿಯುತ್ತದೆ.

ಲ್ಯಾಬಿನವನು


ಏಪ್ರಿಲ್ 2

ಮೇಡಂ,

ನಿಮ್ಮಿಂದ ಪತ್ರವಿಲ್ಲ. ನಾನು ಏನಾದರೂ ಹೆಚ್ಚುಕಡಿಮೆ ಬರೆದೆನೇ? "ರೀಲು ಮಾತಾಡ್ತು ಅಂತ ಕುಣಿದ್ರಲ್ಲ, ಆ ಮನೇಲಿ ಅವ್ರೊಬ್ರೇ ಇರೋದು ಅನ್ನೋದು ತಲೆಗೆ ಹೊಳೀಲಿಲ್ವಾ?" ಎಂದು ಮನೆಯಾಕೆ ಬೈಯುತ್ತಿದ್ದಾಳೆ.

ಕ್ಷೇಮವೆಂದು ಒಂದು ಸಾಲು ಬರೆಯಿರಿ. ಮೊದಲು ಬಾಗಿಲಿನ ಬೀಗ ಬದಲಾಯಿಸಿ.

ಲ್ಯಾಬಿನವನು


ಏಪ್ರಿಲ್ 9

ಸಾರ್,

ಕ್ಷೇಮ. ಬೀಗ ಬದಲಾಯಿಸಿಲ್ಲ.

ಒತ್ತುವ ಮೊದಲು ತಿರುಗಿಸುತ್ತಿದ್ದವಳು ಅಮ್ಮ. ಅದೊಂದು ನಿತ್ಯದ ಜಗಳ ನಮ್ಮ ಮನೆಯಲ್ಲಿ. "ತಿರುಗಿಸಿ ಇಡು ಅಂದ್ರೆ ಇಡಲ್ಲ, ಒಂದರ ಮೇಲೊಂದು ಬಿದ್ದು ಎರಡೂ ಹಾಳು" ಎಂದು ಅಪ್ಪ. "ತಿರುಗಿಸಿಟ್ರೆ ಮಕ್ಕಳು ಬಂದು ಒತ್ತಿಬಿಡ್ತಾವೆ. ತಿರುಗಿಸದೇ ಇದ್ರೆ ಹಾಳಾದ್ರೂ ಹಳೇದೇ ತಾನೆ ಹಾಳಾಗೋದು" ಎಂದು ಅಮ್ಮ. ಇಬ್ಬರ ಮಾತೂ ನನಗೆ ಸರಿ ಎನಿಸುತ್ತಿತ್ತು. ನೀವು ಕಳಿಸಿದ ಮೊದಲನೆಯ ಪ್ರಿಂಟಿನಲ್ಲಿ ಅದೇ ಆಗಿದೆ. ಅಮ್ಮ ನಮ್ಮ ಮೂವರನ್ನು ತೆಗೆದು ಹಾಗೇ ಬಿಟ್ಟಳು, ಅಪ್ಪ ಅದರ ಮೇಲೆ ಅಮ್ಮನನ್ನು ತೆಗೆದರು. ನಾಲ್ವರೂ ಮನೆ ಬಾಗಿಲಿನ ಒಂದೇ ಮೆಟ್ಟಿಲ ಮೇಲೆ ಇದ್ದೇವೆ, ಒಬ್ಬರ ಮೈಯೊಳಗೆ ಒಬ್ಬರು.

ಅಮ್ಮ ಇಲ್ಲ ಎಂದು ನಿಮಗೆ ಬರೆದಿದ್ದೆ. ಸತ್ತಿದ್ದಾಳೆ ಎಂದು ಬರೆದಿರಲಿಲ್ಲ. ಎಲ್ಲರಿಗೂ ಹಾಗೆಯೇ ಹೇಳಿ ಅಭ್ಯಾಸ. ನನಗೆ ಹನ್ನೊಂದು, ತಮ್ಮನಿಗೆ ನಾಲ್ಕು ತುಂಬಿದ್ದಾಗ ಒಂದು ಬೆಳಿಗ್ಗೆ ಅವಳು ಮನೆಯಲ್ಲಿರಲಿಲ್ಲ. ಹೊಳೆಯ ಮೆಟ್ಟಿಲ ಮೇಲೆ ಅವಳ ಚಪ್ಪಲಿ ಸಿಕ್ಕಿತು. ಈಜುಗಾರರು ಹುಡುಕಿದರು. ಏನೂ ಸಿಗಲಿಲ್ಲ. ಮೂವತ್ತೆಂಟು ವರ್ಷದ ಹಿಂದಿನ ಮಾತು.

ಈಗ ಪ್ರಿಂಟುಗಳನ್ನು ಮತ್ತೆ ನೋಡಿ. ಐದರಲ್ಲಿ ತೊಳೆದು ಬೋರಲು ಹಾಕಿದ ಎರಡು ಸಣ್ಣ ತಟ್ಟೆ ಇವೆ. ಪಕ್ಕದಲ್ಲಿರುವುದು ಸ್ಟೂಲು. ತಮ್ಮನಿಗೆ ನಲ್ಲಿ ಎಟುಕುವುದಿಲ್ಲ ಎಂದು ಅಪ್ಪ ಮಾಡಿಸಿದ್ದು, ಅಮ್ಮ ಹೋದ ಎರಡನೆಯ ವರ್ಷ. ಎಂಟರಲ್ಲಿರುವ ಫ್ರಾಕು ನಾನು ಹೊಲಿದ ಮೊದಲನೆಯ ಬಟ್ಟೆ. ಆಗ ನನಗೆ ಹದಿನೈದು. ಒಂದು ವಾರ ಮೊಳೆಗೆ ತೂಗುಹಾಕಿಕೊಂಡು ನೋಡಿ, ಆಮೇಲೆ ಬಿಚ್ಚಿ ಬೇರೆ ಹೊಲಿದೆ, ತೋಳು ಸೊಟ್ಟಗಿತ್ತು.

ಆ ವಾರ ಯಾರೋ ಒಳಗೆ ಬಂದಿದ್ದರು.

ನಾವು ಸಹಿ ಹಾಕಬೇಕಾದ ಪ್ರಮಾಣಪತ್ರದಲ್ಲಿ ಒಂದು ಸಾಲಿದೆ: "ಅಂದಿನಿಂದ ಇಂದಿನವರೆಗೆ ಸದರಿಯವರನ್ನು ಕುಟುಂಬದವರಾರೂ ಕಂಡಿರುವುದಿಲ್ಲ, ಅವರಿಂದ ಯಾವುದೇ ಸುದ್ದಿ ಬಂದಿರುವುದಿಲ್ಲ." ಸಹಿ ಹಾಕಿದರೆ ಅವಳು ಕಾಗದದಲ್ಲಿ ಸತ್ತಂತೆ. ಮನೆ ನಮ್ಮದಾಗುತ್ತದೆ, ಮಾರನೆಯ ವಾರ ಕೆಡವುತ್ತಾರೆ. ಅವಳು ಬದುಕಿದ್ದರೆ ಈಗ ಎಪ್ಪತ್ತೆರಡು. ತನ್ನ ಹಳೆಯ ಕೀಲಿ ಹಿಡಿದು ಬಂದರೆ ಬಾಗಿಲೇ ಇರುವುದಿಲ್ಲ.

ಈಗ ಹೊಲಿಯುತ್ತ ಹೊಲಿಯುತ್ತ ತಿರುಗಿ ನೋಡುತ್ತೇನೆ. ಹೊಲಿಗೆ ಸೊಟ್ಟಗಾಗುತ್ತಿದೆ. ಶಾಲೆಯವರು ಎರಡು ಅಂಗಿ ವಾಪಸ್ ಕಳಿಸಿದರು.

ಹೊಲಿಗೆಯವಳು


ಏಪ್ರಿಲ್ 14

ತಂಗಿ,

ಹೀಗೆ ಕರೆಯುತ್ತೇನೆ, ಬೇಸರಿಸಬೇಡಿ. ಇನ್ನು ಮೇಡಂ ಎಂದು ಬರೆಯಲು ಕೈ ಬರುತ್ತಿಲ್ಲ.

ನಾನು ನಿಮಗೆ ಪೂರ್ತಿ ಪ್ರಿಂಟು ಕಳಿಸಿರಲಿಲ್ಲ. ಹನ್ನೊಂದನೆಯ ಚಿತ್ರದ ಎಡ ಅಂಚನ್ನು ಬಿಟ್ಟು ಪ್ರಿಂಟು ಹಾಕಿದ್ದೆ. ಅಲ್ಲಿ ಗಾಜಿನ ಬಾಗಿಲಿನ ಬೀರು ಇದೆ, ಗಾಜಿನಲ್ಲಿ ಶೆಲ್ಫಿನ ಪ್ರತಿಬಿಂಬ. ಕ್ಯಾಮರಾದ ತಲೆಯ ಮೇಲೆ ಒಂದು ಕೈ ಇದೆ. ಮಲಗಿದ ಮಗುವಿನ ಮೇಲೆ ಇಡುವ ಹಾಗೆ ಇಟ್ಟಿದ್ದಾರೆ. ಮುಖ ಬಂದಿಲ್ಲ, ಗಾಜಿನ ಚೌಕಟ್ಟು ಅಡ್ಡ ಬಂದಿದೆ. ಮನೆಯಲ್ಲಿ ಒಬ್ಬರೇ ಇದ್ದೀರಿ, ಹೆದರುತ್ತೀರಿ ಎಂದು ಕತ್ತರಿಸಿದ್ದೆ. ನಿಮ್ಮ ಪತ್ರ ಓದಿದ ಮೇಲೆ ಅದನ್ನು ಇಟ್ಟುಕೊಳ್ಳುವ ಹಕ್ಕು ನನಗಿಲ್ಲ ಎನಿಸಿತು. ಪೂರ್ತಿ ಪ್ರಿಂಟು ಇದರೊಂದಿಗಿದೆ.

ಇನ್ನೊಂದನ್ನು ಹೇಳಲೋ ಬೇಡವೋ ಎಂದು ಎರಡು ದಿನ ಯೋಚಿಸಿದೆ. ನಿಮ್ಮ ತಂದೆ ಗೊತ್ತಿಲ್ಲದೆ ಅಡುಗೆಮನೆಯ ಚಿತ್ರದ ಮೇಲೆ ಒತ್ತಿದರು ಎಂದು ಮೊದಲು ಬರೆದಿದ್ದೆ. ಅದು ನನ್ನ ತಪ್ಪು. ಒತ್ತಿದ ಮೇಲೆ ತಿರುಗಿಸಿ ಕಿಟಕಿ ನೋಡಿಯೇ ಕೆಳಗಿಡುತ್ತಿದ್ದರು ಎಂದು ನೀವೇ ಬರೆದಿದ್ದೀರಿ. ಅಂಥವರು ನಾಲ್ಕಕ್ಕೆ ಬಿಟ್ಟ ರೀಲು ಮರುವರ್ಷ ಐದಕ್ಕೆ ನಿಂತಿರುವುದನ್ನು ನೋಡದೆ ಇರುವುದಿಲ್ಲ. ನೋಡಿದ್ದಾರೆ. ಬೇಕಿದ್ದರೆ ಆರಕ್ಕೆ ತಿರುಗಿಸಬಹುದಿತ್ತು. ತಿರುಗಿಸಲಿಲ್ಲ. ನಿಮ್ಮ ತಾಯಿಯ ಚಿತ್ರದ ಮೇಲೆಯೇ ನಿಮ್ಮಿಬ್ಬರನ್ನು ಇಟ್ಟರು. ಎಂಟರಲ್ಲೂ ಹಾಗೆಯೇ ಮಾಡಿದರು. ರೀಲು ಮುಗಿಸಲಿಲ್ಲ, ತೊಳೆಸಲಿಲ್ಲ. ತೊಳೆಸಬೇಕಾದರೆ ಕ್ಯಾಮರಾ ಖಾಲಿ ಮಾಡಬೇಕಲ್ಲ, ಆಮೇಲೆ ನಿಮ್ಮ ತಾಯಿ ಬಂದರೆ ಒತ್ತಲು ರೀಲೇ ಇರುವುದಿಲ್ಲ.

ಅದು ಅವರ ಉತ್ತರ ಎಂದು ನನಗನಿಸುತ್ತದೆ. ಮಕ್ಕಳು ಹೇಗಿದ್ದಾರೆಂದು ಅವರು ಕೇಳಿದರು, ಇವರು ತೋರಿಸಿದರು. ಮನೆಯಾಕೆಯೂ ಒಪ್ಪಿದಳು. "ಗಂಡ ಹೆಂಡ್ತಿ ಬಾಯಲ್ಲೇ ಮಾತಾಡ್ಬೇಕು ಅಂತ ಎಲ್ಲಿದೆ?" ಎಂದಳು.

ಆದರೂ ಒಂದು ಎಚ್ಚರಿಕೆ. ಒತ್ತುವ ಮೊದಲು ತಿರುಗಿಸುವವರು ಲೋಕದಲ್ಲಿ ನಿಮ್ಮ ತಾಯಿಯೊಬ್ಬರೇ ಅಲ್ಲ. ಕೈ ಯಾರದೋ ನನಗೆ ಗೊತ್ತಿಲ್ಲ. ಬೀಗದ ವಿಷಯ ಯೋಚಿಸಿ.

ಲ್ಯಾಬಿನ ಅಣ್ಣ


ಏಪ್ರಿಲ್ 20

ಅಣ್ಣಾ,

ಕೈಯನ್ನು ಭೂತಗನ್ನಡಿಯಲ್ಲಿ ನೋಡಿದೆ. ಅದು ಅಮ್ಮನ ಕೈಯೋ ಅಲ್ಲವೋ ಹೇಳಲಾರೆ. ಇಷ್ಟು ವರ್ಷ ಅವಳ ಮುಖವನ್ನು ಮರೆಯಬಾರದೆಂದು ದಿನಾ ಒಮ್ಮೆ ನೆನೆಸಿಕೊಳ್ಳುತ್ತಿದ್ದೆ. ಕೈಯನ್ನೂ ನೆನಪಿಟ್ಟುಕೊಳ್ಳಬೇಕಿತ್ತು ಎಂದು ಯಾರು ಹೇಳಿದ್ದರು?

ಅಪ್ಪನ ವಿಷಯದಲ್ಲಿ ನಿಮ್ಮ ಮಾತು ಒಪ್ಪುವುದಿಲ್ಲ. ಅವರು ಉತ್ತರ ಕೊಟ್ಟಿಲ್ಲ, ಮುಚ್ಚಿದ್ದಾರೆ. ಪ್ರತಿ ವರ್ಷ ಅಮ್ಮ ಹೋದ ದಿನ ನಮ್ಮಿಬ್ಬರನ್ನೂ ಹೊಳೆಯ ಮೆಟ್ಟಿಲಿಗೆ ಕರೆದುಕೊಂಡು ಹೋಗಿ ಸುಮ್ಮನೆ ನಿಲ್ಲಿಸುತ್ತಿದ್ದರು. ತಮ್ಮ ನೀರು ನೋಡಿ ಅಳುತ್ತಿದ್ದ. ಐದನೆಯ ಅಂಕಿ ಕಂಡ ಮೇಲೂ ಕರೆದುಕೊಂಡು ಹೋದರು. ಎಂಟು ಕಂಡ ಮೇಲೂ ಹೋದರು. ಗೊತ್ತಿದ್ದೂ ನಿಲ್ಲಿಸಿದ್ದರೆ ಅದನ್ನು ಏನೆಂದು ಕರೆಯಬೇಕು?

ಆದರೆ ಬೀಗ ಬದಲಾಯಿಸಲು ಅವರು ಬಿಟ್ಟಿರಲಿಲ್ಲ ಎಂಬುದೂ ನಿಜ. ಹಿತ್ತಿಲ ಬಾಗಿಲಿನ ಬೀಗ ತುಕ್ಕು ಹಿಡಿದು ಕೀಲಿ ಸಿಕ್ಕಿಕೊಳ್ಳುತ್ತಿತ್ತು. ಹೊಸದು ತರುತ್ತೇನೆ ಎಂದರೆ ಎಣ್ಣೆ ಬಿಡುತ್ತಿದ್ದರು. ಆಸ್ಪತ್ರೆಯಲ್ಲಿದ್ದಾಗ ಎಣ್ಣೆ ಬಿಟ್ಟೆಯಾ ಎಂದು ಕೇಳಿದ್ದರು. ಜ್ವರದ ಮಾತು ಎಂದುಕೊಂಡಿದ್ದೆ.

ತಮ್ಮನಿಗೆ ಎಲ್ಲವನ್ನೂ ತೋರಿಸಿದೆ. ಮೊದಲು ನಕ್ಕ. "ಪರವಾಗಿಲ್ವೇ, ದೆವ್ವಾನೂ ಫೋಟೋ ತೆಗೆಯೋಕೆ ಕಲ್ತಿದೆ." ಆಮೇಲೆ ಕೈಯ ಪ್ರಿಂಟನ್ನು ಕಿಟಕಿಯ ಬೆಳಕಿಗೆ ಹಿಡಿದ.

"ಇದು ಅಮ್ಮಾನೇ ಅಂತ ಇಟ್ಕೋ. ಹಂಗಾದ್ರೆ ನಾನು ಶಾಲೆಗೆ ಹೋದಾಗ ಬಂದು ತಟ್ಟೆ ನೋಡ್ಕೊಂಡು ಹೋಗಿದಾಳೆ. ನಾನು ಮನೇಲಿದ್ದಾಗ ಯಾಕೆ ಬರ್ಲಿಲ್ಲ?"

"ನಂಗೂ ಗೊತ್ತಿಲ್ಲ ಕಣೋ."

"ನಿನ್ನ ಹಿಂದೆ ನಿಂತಳಲ್ಲ, ಒಂದು ಸಲ ಹೆಗಲು ಮುಟ್ಟೋಕೆ ಏನಾಗಿತ್ತು? ನೀನೇನು ಕಚ್ತಿದ್ಯಾ? ಅಂಥ ಅಮ್ಮ ನಂಗೆ ಬೇಡ ಅಕ್ಕಾ. ಹೊಳೇಲಿ ಹೋದೋಳೇ ಸಾಕು. ಸಹಿ ಹಾಕು."

ಅವನಿಗೆ ಆ ಹಣ ಬೇಕೇ ಬೇಕು ಎಂದೇನಿಲ್ಲ. ಅವನಿಗೆ ಬೇಕಾಗಿರುವುದು ಇದು ಮುಗಿಯುವುದು. ನಾಲ್ಕು ವರ್ಷದ ಮಗು ನೀರಿಗೆ ಕೊಟ್ಟದ್ದನ್ನು ಈಗ ಯಾರೋ ವಾಪಸ್ ತಂದು ಬಾಗಿಲಲ್ಲಿಟ್ಟರೆ ಅವನು ಏನು ಮಾಡಬೇಕು? ಹೋಗುವಾಗ ಹಿತ್ತಿಲ ಬಾಗಿಲಿನಿಂದಲೇ ಹೋದ. ಬೀಗವನ್ನು ಒಮ್ಮೆ ಎಳೆದು ನೋಡಿದ.

ಒಂದು ಸಹಾಯ ಬೇಕು. ಈ ಕ್ಯಾಮರಾಗೆ ಹೊಂದುವ ರೀಲು ಸಿಗುತ್ತದೆಯೇ?

ತಂಗಿ


ಏಪ್ರಿಲ್ 24

ತಂಗಿ,

ಆ ಅಳತೆಯ ರೀಲು ಈಗ ಯಾರೂ ಮಾಡುವುದಿಲ್ಲ. ಈಗಿನ ರೀಲನ್ನು ಕತ್ತಲೆಯಲ್ಲಿ ಬಿಚ್ಚಿ, ನೀವು ಕಳಿಸಿದ್ದ ಹಳೆಯ ಸುರುಳಿಗೇ ಸುತ್ತಿ ಕಳಿಸಿದ್ದೇನೆ. ಹಿಂಬದಿಯ ಕಾಗದದಲ್ಲಿ ಅಂಕಿಗಳಿವೆ. ನೆರಳಿನಲ್ಲಿ ಹಾಕಿ, ಮುಚ್ಚಳ ಒತ್ತಿ, ಕಿಟಕಿಯಲ್ಲಿ ಒಂದು ಕಾಣುವವರೆಗೆ ನಿಧಾನವಾಗಿ ತಿರುಗಿಸಿ.

ಯಾಕೆ ಎಂದು ಕೇಳುವುದಿಲ್ಲ. ಬೀಗ ಬದಲಾಯಿಸಿ ಎಂದೂ ಇನ್ನು ಹೇಳುವುದಿಲ್ಲ. ಮನೆಯಾಕೆ ಮಾತ್ರ ಒಂದು ಮಾತು ಬರೆಯಲೇಬೇಕು ಎಂದು ಪಕ್ಕದಲ್ಲಿ ಕೂತಿದ್ದಾಳೆ: "ಬಂದ್ರೆ ಬೈಯ್ಬೇಡಿ. ಮೊದ್ಲು ಕೂರಿಸಿ."

ಅಣ್ಣ


ಏಪ್ರಿಲ್ 27

ಅಣ್ಣಾ,

ರೀಲು ನಿನ್ನೆ ಬಂತು. ನೀವು ಹೇಳಿದಂತೆ ಹಾಕಿದ್ದೇನೆ. ನಾನು ಏನೂ ತೆಗೆದಿಲ್ಲ. ಕ್ಯಾಮರಾ ಅದರ ಜಾಗದಲ್ಲಿದೆ, ಕಿಟಕಿಯಲ್ಲಿ ಅಂಕಿ ಒಂದು.

ತಮ್ಮ ಇವತ್ತು ಬೆಳಿಗ್ಗೆ ಬಂದಿದ್ದ. ನಾನು ಆ ಸಾಲಿಗೆ ಸಹಿ ಹಾಕುವುದಿಲ್ಲ ಎಂದೆ. ಬಾಯಿಗೆ ಬಂದಂತೆ ಬೈದ. ಕೊಳ್ಳುವವರಿಗೆ ಏನು ಮುಖ ತೋರಿಸಲಿ ಎಂದ. ಗೋಡೆಗೆ ಒಮ್ಮೆ ಗುದ್ದಿದ. ಆಮೇಲೆ ನೀರು ಕೇಳಿದ. ಕುಡಿಯುತ್ತ, "ಮೆಟ್ಟಿಲ ಮೇಲೆ ಇದ್ದ ಚಪ್ಪಲಿ ಎರಡೂ ಇತ್ತಾ, ಒಂದೇನಾ?" ಎಂದು ಕೇಳಿದ. ಎರಡೂ ಇದ್ದವು, ಜೋಡಿಸಿ ಇಟ್ಟಿದ್ದಳು ಎಂದೆ. "ಬರಿಗಾಲಲ್ಲಿ ಎಷ್ಟು ದೂರ ಹೋಗಿರ್ತಾಳೆ?" ಎಂದ. ನೋಟರಿಯ ಹತ್ತಿರ ಅವನೂ ಬರುತ್ತಾನಂತೆ. ಯಾವ ಕಡೆ ಮಾತಾಡುತ್ತಾನೋ ಗೊತ್ತಿಲ್ಲ.

ನೋಟರಿಯವರ ಗುಮಾಸ್ತರನ್ನು ವಿಚಾರಿಸಿದೆ. ಆ ಸಾಲು ಹೊಡೆದುಹಾಕಿ ಬೇರೆ ಬರೆಸಬಹುದಂತೆ, ಆದರೆ ಹಾಗೆ ಬರೆಸಿದರೆ ಮನೆ ಮಾರಲು ಆಗುವುದಿಲ್ಲ, ಮಾಲೀಕರೇ ಬರಬೇಕು ಎಂದರು. ಸರಿ ಎಂದೆ. ಏನು ಬರೆಯಲಿ ಎಂದು ಕೇಳಿದರು. ಕಳೆದ ವರ್ಷ ಮನೆಗೆ ಬಂದಿದ್ದಳು ಎಂದು ಬರೆಯಿರಿ ಎಂದೆ. ನೋಡಿದವರು ಯಾರು ಎಂದರು. ನಾನು ನೋಡಲಿಲ್ಲ, ಅವಳು ನನ್ನನ್ನು ನೋಡಿದಳು ಎಂದೆ. ಅವರು ಪೆನ್ನು ಕೆಳಗಿಟ್ಟು ಮತ್ತೆ ಎತ್ತಿಕೊಂಡರು. ಆಮೇಲೆ ಬರೆದುಕೊಂಡರು.

ಮೂವತ್ತನೆಯ ತಾರೀಕು ಬೆಳಿಗ್ಗೆ ಹನ್ನೊಂದಕ್ಕೆ ನೋಟರಿ ಕಚೇರಿಯಲ್ಲಿ ಸಹಿ. ನಾನು ಹತ್ತಕ್ಕೆ ಮನೆ ಬಿಡುತ್ತೇನೆ. ಎರಡು ಬಾಗಿಲಿಗೂ ಹಳೆಯ ಬೀಗವೇ ಇರುತ್ತದೆ. ಮಧ್ಯಾಹ್ನ ಎರಡರ ಬಸ್ಸಿಗೆ ವಾಪಸ್ ಬಂದು ಕ್ಯಾಮರಾದ ಕಿಟಕಿ ನೋಡುತ್ತೇನೆ.

ತಂಗಿ